ಕರೆದು ಅಳಿಸಿದ ಲಗ್ನಪತ್ರಿಕೆ

ಜನರ ಕೈಗೆ ಮೊಬೈಲ್ ಬಂದ ಮೇಲೆ ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ಕೆಲಸವೇ ನನಗೆ ಉಳಿದಿಲ್ಲ. ಅವು ತಾವಾಗಿಯೇ ನನ್ನ ಅಂಗಡಿಯ ಕಟ್ಟೆ ಹತ್ತಿ ಬರುತ್ತವೆ. ಅಕ್ಕಿಆಲೂರಿನಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಮೂವತ್ತು ವರ್ಷದಿಂದ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯವರ ಲಗ್ನಪತ್ರಿಕೆಗಳನ್ನು ಅಚ್ಚು ಹಾಕುತ್ತ ಬಂದಿದ್ದೇನೆ. ಪ್ರತಿ ಗಿರಾಕಿಗೂ ಕಾರ್ಡಿನ ಕಟ್ಟಿನ ಜೊತೆ ಒಂದು ಪುಕ್ಕಟೆ ಉಪದೇಶವನ್ನೂ ಕಟ್ಟಿ ಕೊಡುವುದು ನನ್ನ ಚಟ: "ಕಾರ್ಡು ಅಂದ್ರ ಬರೇ ನೆಪ ರೀ. ಮನೀಗೆ ಹೋಗಿ, ಕುಂಕುಮ ಕೊಟ್ಟು, ಬಾಯಿ ತುಂಬ ಕರದ್ರನ ಕರದಂಗ."

ಊರಿಗೆಲ್ಲ ಹೀಗೆ ಹೇಳಿದ ನಾನು, ಈ ವರ್ಷ ನನ್ನ ಮಗಳ ಮದುವೆಗೆ ನನ್ನ ಒಬ್ಬಳೇ ಅಕ್ಕ ಬಾರದೆ ಹೋಗುವಂಥ ಕೆಲಸವನ್ನು ಒಂದೇ ಬೆರಳಿನಿಂದ ಮಾಡಿ ಮುಗಿಸಿದೆ. ಅದನ್ನೂ ಹೇಳುತ್ತೇನೆ. ನನ್ನ ಮಾನ ಹೋಗುವ ಮೊದಲು ಇಬ್ಬರು ಗಿರಾಕಿಗಳದನ್ನು ಹೇಳಿಬಿಟ್ಟರೆ ನನಗೂ ಸ್ವಲ್ಪ ಧೈರ್ಯ.

೧. ಒಂದೇ ಬೆಂಚಿನ ಬೀಗರು

ಹೆಣ್ಣಿನ ತಂದೆ ತಡಸದವರು, ಗಂಡಿನ ತಂದೆ ಸವಣೂರಿನವರು. ಪತ್ರಿಕೆಯ ಪ್ರೂಫ್ ನೋಡಲು ಇಬ್ಬರಿಗೂ ಹನ್ನೊಂದಕ್ಕೆ ಬರಲು ಹೇಳಿದ್ದೆ. ಹೆಣ್ಣಿನ ತಂದೆ ಮೊದಲು ಬಂದು ಬೆಂಚಿನ ಈ ತುದಿಗೆ ಕುಳಿತು ಮೊಬೈಲ್ ತೆಗೆದರು. ಐದು ನಿಮಿಷಕ್ಕೆ ಗಂಡಿನ ತಂದೆ ಬಂದು ಆ ತುದಿಗೆ ಕುಳಿತು ತಮ್ಮದನ್ನು ತೆಗೆದರು. ಹೊಸ ಬೀಗರು, ಮಾತಾಡಿಕೊಳ್ಳಲಿ ಎಂದು ನಾನು ಒಳಗೆ ಯಂತ್ರದ ಮುಂದೆ ಇದ್ದೆ.

ಅರ್ಧ ಗಂಟೆ ಇಬ್ಬರೂ ಮೊಬೈಲಿನಿಂದ ತಲೆಯನ್ನೇ ಎತ್ತಲಿಲ್ಲ. ಬರೀ ಟಿಣ್, ಟಿಣ್. ಈ ತುದಿಯಲ್ಲಿ ಟಿಣ್ ಎಂದರೆ ಇವರ ಹುಬ್ಬು ಗಂಟಾಗುತ್ತಿತ್ತು, ಆ ತುದಿಯಲ್ಲಿ ಟಿಣ್ ಎಂದರೆ ಅವರದು. ಚಹಾ ಕೊಡಲು ಹೋದಾಗ ಹೆಣ್ಣಿನ ತಂದೆ ನನ್ನ ಕೈ ಹಿಡಿದು ಪಿಸುಗುಟ್ಟಿದರು: "ನಮ್ಮ ಬೀಗರು ಭಾಳ ಹಟಮಾರಿ ಮನಷ್ಯಾ ರೀ. ಕಾರ್ಡಿನ್ಯಾಗ ತಮ್ಮ ಕಡಿಯವರದ ಇಪ್ಪತ್ತೊಂದು ಹೆಸರು ಬೇಕಂತ. ಹನ್ನೊಂದಕ್ಕ ಬರ್ತೇನಿ ಅಂದವರು ಇನ್ನೂ ಬಂದಿಲ್ಲ. ಮನ್ಯಾಗ ಕುಂತ ಜಗಳಾ ತಗದಾರ ನೋಡ್ರಿ!"

"ಅವರು ಇಲ್ಲೇ ಅದಾರಲ್ರಿ," ಎಂದು ನಾನು ಬೆಂಚಿನ ಆ ತುದಿ ತೋರಿಸಿದೆ.

ಇಬ್ಬರೂ ಒಮ್ಮೆಲೇ ಎದ್ದು ನಿಂತು ಕೈ ಮುಗಿದರು. "ಅಯ್ಯ, ಬೀಗರ! ಯಾವಾಗ ಬಂದ್ರಿ?"

"ನೀವು 'ಇನ್ನೂ ಎಲ್ಲಿದ್ದೀರಿ' ಅಂತ ಸಿಟ್ಟಿಲೆ ಬರದ್ರಿ ನೋಡ್ರಿ, ಆವಾಗ ಇಲ್ಲೇ ಕುಂತಿದ್ದೆ."

ಒಂದು ಕಪ್ಪು ಚಹಾ ಮುಗಿಯುವುದರೊಳಗೆ ಇಪ್ಪತ್ತೊಂದು ಹೆಸರು ಏಳಕ್ಕೆ ಇಳಿಯಿತು. ಸವಣೂರಿನವರು ಬಸ್ಸಿಗೆ ಹೋದ ಮೇಲೆ ಹೆಣ್ಣಿನ ತಂದೆ ಚಪ್ಪಲಿ ಮೆಟ್ಟುತ್ತ ನಿಜವಾಗಿಯೂ ಚಿಂತೆಯಿಂದ ಕೇಳಿದರು: "ಎದುರು ಕುಂತ್ರ ಇಷ್ಟು ಚಲೋ ಮನಷ್ಯಾ. ಮೊಬೈಲಿನ್ಯಾಗ ಹೊಕ್ಕ ಕೂಡ್ಲೆ ಯಾಕ್ರಿ ಹಂಗ ಆಗತಾರ?"

೨. ಕಾರ್ಡಿಗೆ ಬಂದ ಎಮ್ಮೆ

ಮೊದಲೆಲ್ಲ ಪತ್ರಿಕೆಯ ಮಜಕೂರು ಬರೆಸಲು ಮನೆಮಂದಿಯೇ ಬರುತ್ತಿದ್ದರು. ಈಗ ಧ್ವನಿ ಕಳಿಸುತ್ತಾರೆ. ಹಿರೇಕೆರೂರು ಕಡೆಯ ರೈತರೊಬ್ಬರು ದನದ ಕೊಟ್ಟಿಗೆಯಲ್ಲಿ ನಿಂತೇ ಮಗನ ಲಗ್ನದ ಮಜಕೂರು ಹೇಳಿ ಕಳಿಸಿದರು. ನಮ್ಮ ಅಂಗಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗಿ ಅದನ್ನು ಕಿವಿಗೊಟ್ಟು ಕೇಳಲಿಲ್ಲ. ಕೇಳಿದ್ದನ್ನು ತಾನೇ ಬರೆದುಕೊಳ್ಳುವ ಸೌಲಭ್ಯ ಈಗ ಇದೆಯಲ್ಲ, ಅದರ ಮುಂದೆ ಹಚ್ಚಿ ತಾನು ಊಟಕ್ಕೆ ಹೋದಳು. ಬರೆದದ್ದು ಹಾಗೇ ಕಾರ್ಡಿಗೆ ಕೂತಿತು, ಪ್ರೂಫ್ ಹಾಗೇ ಗಿರಾಕಿಗೆ ಹೋಯಿತು. ಅವರಿಂದ ಎರಡು ಹೆಬ್ಬೆರಳು, ಮೂರು ನಮಸ್ಕಾರ ಬಂದವು. ಪಾಸಾಯಿತು.

ಅಚ್ಚಿಗೆ ಕೊಡುವ ಮುಂಚೆ ಯಾಕೋ ನನ್ನ ಕಣ್ಣು ಬಿತ್ತು. "ನಮ್ಮ ಜ್ಯೇಷ್ಠ ಸುಪುತ್ರನಾದ ಏ ಎಮ್ಮಿ ಹಗ್ಗ ಹರಕೊಂಡೈತಿ ಹಿಡೀರಿ ಇವನ ವಿವಾಹವು ಗುರುಹಿರಿಯರ ಆಶೀರ್ವಾದದಿಂದ" ಎಂದಿತ್ತು.

ಬೆವರು ಒರೆಸಿಕೊಂಡು ಅವರಿಗೆ ಫೋನು ಹಚ್ಚಿ ಓದಿ ಹೇಳಿದೆ. "ನೀವು ಓದಲಾರ್ದ ಹೆಂಗ ಸರಿ ಐತಿ ಅಂದ್ರಿ?"

"ನಿಮ್ಮ ಮ್ಯಾಲೆ ನಂಬಿಗಿ ರೀ."

"ಆತು, ಎಮ್ಮಿ ತಗದು ಹಾಕ್ತೇನಿ."

ಅವರು ಸಂಕೋಚದಿಂದ ಹೇಳಿದರು: "ತಗೀರಿ. ಆದ್ರ ಒಂದ್ ಮಾತು. ಅದರ ಹಾಲಿನ ಮ್ಯಾಲನ ಈ ಹುಡುಗನ್ನ ಓದಿಸೇವ್ರಿ. ಕೆಳಗ ಎಲ್ಲೆರ ಸಣ್ಣ ಅಕ್ಷರದಾಗ ಇದ್ರ ಇರಲಿ ಬಿಡ್ರಿ."

೩. ನನ್ನ ಬೆರಳು

ಈಗ ನನ್ನ ಸರದಿ. ನಮ್ಮ ಮನೆತನದಲ್ಲಿ ಮದುಮಗಳಿಗೆ ಮೊದಲ ಅರಿಷಿಣ ಹಚ್ಚುವವಳು ಸೋದರತ್ತೆ. ಅವಳು ಮುಟ್ಟುವ ತನಕ ಬೇರೆ ಯಾರೂ ಬಟ್ಟಲಿಗೆ ಕೈ ಹಾಕುವುದಿಲ್ಲ. ನನ್ನ ಮಗಳಿಗೆ ಇರುವ ಸೋದರತ್ತೆ ಒಬ್ಬಳೇ, ಹಂಸಭಾವಿಯ ನನ್ನ ಅಕ್ಕ. ನಮ್ಮ ಅವ್ವ ಬೇಗ ತೀರಿಕೊಂಡಳು. ಆಮೇಲೆ ನನ್ನ ತಲೆ ಬಾಚಿ, ಅಂಗಿಯ ಗುಂಡಿ ಹಚ್ಚಿ ಶಾಲೆಗೆ ಕಳಿಸಿದವಳು ಈ ಅಕ್ಕನೇ. ಹೀಗಾಗಿ ಮೊದಲ ಕಾರ್ಡು ದೇವರ ಮುಂದೆ, ಎರಡನೆಯ ಕಾರ್ಡು ಹಿಡಿದು ಗಂಡ ಹೆಂಡತಿ ಇಬ್ಬರೂ ಅಕ್ಕನ ಮನೆಗೆ ಎಂದು ಗಟ್ಟಿ ಮಾಡಿದ್ದೆವು.

ಮಗಳು ಹೇಳಿದಳು: "ಅಪ್ಪಾ, ದೂರದವರಿಗೆ ಮೊಬೈಲಿನ್ಯಾಗ ಕಳಿಸು. ಹತ್ತರದವರ ಮನೀಗೆ ಹೋಗು." ಮಾತು ಸರಿಯಾಗಿಯೇ ಇತ್ತು. ನಾನು ಕನ್ನಡಕ ಏರಿಸಿಕೊಂಡು ಹೆಸರುಗಳಿಗೆ ಗುರುತು ಹಾಕುತ್ತ ಕೂತೆ. ನನ್ನ ಮೊಬೈಲಿನಲ್ಲಿ ಹೆಸರುಗಳೆಲ್ಲ ಕನ್ನಡದಲ್ಲಿವೆ. ಅಕಾರದಿಂದ ಶುರು. ಎಲ್ಲರಿಗಿಂತ ಮೇಲೆ ಯಾರು? "ಅಕ್ಕ".

ಅಭ್ಯಾಸ ಬಲದಿಂದ ಮೊದಲ ಹೆಸರಿಗೇ ಗುರುತು ಬಿತ್ತು. ಗುರುತು ಹಾಕಿದವರಿಗೆಲ್ಲ ಒಟ್ಟಿಗೆ ಒತ್ತಿದೆ, ಹೋಯಿತು. ಎರಡು ಗೀಟು ಬಂದವು, ನೋಡುತ್ತಿದ್ದಂತೆಯೇ ನೀಲಿಯಾದವು. ಅಕ್ಕ ನೋಡಿಬಿಟ್ಟಳು!

ಇಷ್ಟಕ್ಕೇ ಬಿಟ್ಟಿದ್ದರೂ ನಡೆಯುತ್ತಿತ್ತು. ಗಾಬರಿಯಲ್ಲಿ ನಾನು ಅದನ್ನು ಅಳಿಸಿಬಿಟ್ಟೆ. ಕಾರ್ಡು ಹೋಗಿ ಅಕ್ಕನ ಮೊಬೈಲಿನಲ್ಲಿ "ಈ ಸಂದೇಶವನ್ನು ಅಳಿಸಲಾಗಿದೆ" ಎಂದು ಉಳಿಯಿತು. ಹೆಂಡತಿ ಬಂದು ನೋಡಿ ನೆಲಕ್ಕೇ ಕೂತಳು. "ಮೊದಲ ಫೋನಿನ್ಯಾಗ ಕರದ್ರಿ, ಮತ್ತ ಕರದದ್ದನ್ನ ವಾಪಸ್ ತಗೊಂಡ್ರಿ. ಹಿಂತಾ ತಮ್ಮ ನಮ್ಮ ಬಳಗದಾಗ ಎಲ್ಲೂ ಇಲ್ಲ ಬಿಡ್ರಿ."

ಆ ದಿನ ಮೂರು ಸಲ ಫೋನು ಹಚ್ಚಿದೆ. ಅಕ್ಕ ಎತ್ತಲಿಲ್ಲ. ನನಗೆ ಊಟ ಸೇರಲಿಲ್ಲ. ನಾನು ಕಳಿಸಿದ ಉಳಿದ ನೂರಾರು ಕಾರ್ಡುಗಳಿಗೆ ಆ ಕ್ಷಣಕ್ಕೇ ಉತ್ತರ ಕೊಟ್ಟವರು ಒಬ್ಬರೇ, ಅಡುಗೆ ಗ್ಯಾಸಿನವರು. "ನಿಮ್ಮ ಕೋರಿಕೆಯನ್ನು ಸ್ವೀಕರಿಸಲಾಗಿದೆ" ಎಂದು ಬಂತು.

೪. ಟಿಣ್ ಎಂದ ಚಂಬು

ಮರುದಿನ ಬೆಳಗಿನ ಬಸ್ಸಿಗೇ ಹಂಸಭಾವಿಗೆ ಹೋದೆವು. ಅಕ್ಕ ಬಾಗಿಲಲ್ಲೇ ಇದ್ದಳು. ಬರ್ರಿ ಅನ್ನಲಿಲ್ಲ, ಹೋಗ್ರಿ ಅನ್ನಲಿಲ್ಲ, ಒಳಗೆ ಹೋದಳು. ನಾವಾಗಿಯೇ ಹೋಗಿ ಪಡಸಾಲೆಯ ಚಾಪೆಯ ಮೇಲೆ ಕೂತೆವು. ನಮ್ಮ ಕಡೆ ಮನೆಗೆ ವೈರಿ ಬಂದರೂ ಮೊದಲು ಒಂದು ಚಂಬು ನೀರು ಇಡುತ್ತಾರೆ. ನೀರು ಬರಲಿಲ್ಲ.

ನನ್ನ ಕಿಸೆಯಲ್ಲಿ ಟಿಣ್ ಎಂದಿತು. ತೆಗೆದು ನೋಡಿದರೆ ಅಕ್ಕ ಕಳಿಸಿದ ಫೋಟೊ! ಹಿತ್ತಾಳೆ ಚಂಬು, ಅದರ ತುಂಬ ನೀರು. ಮತ್ತೆ ಟಿಣ್. ಎರಡು ಕಪ್ಪು ಚಹಾ. ಮತ್ತೊಂದು ಟಿಣ್. ತಾಟಿನಲ್ಲಿ ಎರಡು ಹೋಳಿಗೆ, ಮೇಲೆ ತುಪ್ಪ.

ಅಡುಗೆಮನೆಯಿಂದ ಅಕ್ಕನ ದನಿ ಬಂತು: "ಮುಟ್ಟಿದುವೇನೋ? ಉಣ್ರಿ, ಆರಿ ಹೋದೀತು."

ನನ್ನ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಎದ್ದು ಅಡುಗೆಮನೆಯ ಹೊಸ್ತಿಲಿಗೆ ಹೋಗಿ ನಿಂತೆ. "ಅಕ್ಕಾ, ತಪ್ಪಾತು. ಬೆರಳು ತಪ್ಪಿ ಹೋತು."

"ಕಾರ್ಡಿಂದ ನನಗ ಸಿಟ್ಟಿಲ್ಲೋ," ಎಂದಳು ಅಕ್ಕ, ಮುಖ ತಿರುಗಿಸದೆ. "ದಿನಾ ಮುಂಜಾನೆ ಒಂದು ಹೂವಿನ ಚಿತ್ರ ಕಳಸ್ತಿ, ಶುಭೋದಯ ಅಂತಿ. ನಿನ್ನ ದನಿ ಕೇಳಿ ನಾಕು ತಿಂಗಳಾತು. ಗೊತ್ತೈತೇನ ನಿನಗ?"

ಗೊತ್ತಿರಲಿಲ್ಲ. ಹೂವು ಕಳಿಸಿದ್ದೇನಲ್ಲ, ಮಾತಾಡಿದಂತೆಯೇ ಅಂದುಕೊಂಡಿದ್ದೆ. ನನಗೆ ಅಳು ಬಂತು. ಐವತ್ತೆಂಟನೆಯ ವಯಸ್ಸಿನಲ್ಲಿ ಅಕ್ಕನ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ, ಅದರಲ್ಲಿ ನನಗೇನೂ ನಾಚಿಕೆಯಿಲ್ಲ. ಅಕ್ಕ ಸೆರಗಿನಿಂದ ನನ್ನ ಮುಖ ಒರೆಸಿದಳು. ಆಮೇಲೆ ನನ್ನ ಹೆಂಡತಿ ಅವಳಿಗೆ ಕುಂಕುಮ ಕೊಟ್ಟಳು, ನಾನು ಮೂಲೆಗೆ ಅರಿಷಿಣ ಹಚ್ಚಿದ ಕಾರ್ಡು ಕೈಗಿಟ್ಟು ಬಾಯಿ ತುಂಬ ಕರೆದೆ: "ಅಕ್ಕಾ, ಮೊದಲ ಅರಿಷಿಣ ನಿಂದ. ನೀ ಬರಬೇಕು."

"ನೋಡೋಣ," ಎಂದಳು. ಹೋಳಿಗೆ ಮಾತ್ರ ನಿಜವಾದವು ಬಂದವು. ಆದರೆ ಉಣ್ಣುವ ಮೊದಲು ಇಬ್ಬರ ಮೊಬೈಲನ್ನೂ ಇಸಿದುಕೊಂಡು ಹಿಟ್ಟಿನ ಡಬ್ಬಿಯೊಳಗೆ ಇಟ್ಟಳು. ಅವತ್ತಿನಿಂದ ನನ್ನ ಮೊಬೈಲಿನಲ್ಲಿ ಯಾರೇ ಮಾತಾಡಿದರೂ ಕೆಮ್ಮಿದಂತೆ ಕೇಳುತ್ತದೆ.

೫. ಮಕದ ಎದುರಿಗೆ

ಅರಿಷಿಣದ ದಿನ. ಮಗಳು ಮಣೆಯ ಮೇಲೆ ಕೂತಿದ್ದಾಳೆ, ಅರಿಷಿಣದ ಬಟ್ಟಲು ಮುಂದಿದೆ, ಸುತ್ತಲೂ ಹೆಣ್ಣುಮಕ್ಕಳು. ಮುಂಜಾನೆಯ ಬಸ್ಸು ಬಂತು, ಅಕ್ಕ ಇಳಿಯಲಿಲ್ಲ. ಎರಡನೆಯದು ಬಂತು, ಅದರಲ್ಲೂ ಇಲ್ಲ. ಫೋನು ಹಚ್ಚಿದರೆ ಎತ್ತುತ್ತಿಲ್ಲ. "ನೋಡೋಣ" ಅಂದವಳು ಬಾರದೇ ಉಳಿದಳೇ ಎಂದು ನಾನು ಬಾಗಿಲಿಗೂ ಓಣಿಯ ತಿರುವಿಗೂ ಓಡಾಡಿದೆ. ಹೊತ್ತು ಮೀರುತ್ತದೆ, ಬೇರೆ ಯಾರಾದರೂ ಹಚ್ಚಲಿ ಎಂದು ಹಿರಿಯರೊಬ್ಬರು ಗೊಣಗಿದರು. ಮಗಳು ಬಟ್ಟಲಿನ ಮೇಲೆ ಕೈ ಮುಚ್ಚಿ ಕೂತಳು. "ಅತ್ತಿ ಬರೋ ತನಕ ಯಾರೂ ಮುಟ್ಟಬ್ಯಾಡ್ರಿ."

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಹಾರ್ನು ಕೇಳಿತು. ಒಂದು ಟೆಂಪೊ. ಅದರ ಹಿಂದೆ ಇನ್ನೊಂದು ಟೆಂಪೊ. ಮೊದಲನೆಯದರ ಮುಂದಿನ ಸೀಟಿನಿಂದ ಅಕ್ಕ ಇಳಿದಳು. ಓಡಿ ಹೋಗಿ ಕಾಲು ಮುಟ್ಟಿ ತಲೆ ಎತ್ತುತ್ತೇನೆ, ಹಿಂದಿನಿಂದ ಜನ ಇಳಿಯುತ್ತಲೇ ಇದ್ದಾರೆ. ಮುದುಕಿಯರು, ಸೊಸೆಯಂದಿರು, ಕೂಸುಗಳು, ಹಾರ್ಮೋನಿಯಂ ಹಿಡಿದ ಒಬ್ಬ ಅಜ್ಜ, ರೊಟ್ಟಿಯ ಗಂಟುಗಳು, ಒಂದು ದೊಡ್ಡ ಪಾತ್ರೆ ಚಟ್ನಿಪುಡಿ. ಹಂಸಭಾವಿಯ ಅಕ್ಕನ ಓಣಿಗೆ ಓಣಿಯೇ ಬಂದಿತ್ತು.

"ಅಕ್ಕಾ," ಎಂದೆ ಮೆಲ್ಲಗೆ, "ಇವರೆಲ್ಲಾ?"

"ಯಾಕ? ನೀನ ಕರದೀಯಲ್ಲ." ಅಕ್ಕ ಸೊಂಟದ ಸಂಚಿಯಿಂದ ನನ್ನ ಕಾರ್ಡು ತೆಗೆದಳು. "'ಸಕುಟುಂಬ ಸಪರಿವಾರ, ಬಂಧುಮಿತ್ರರೊಂದಿಗೆ ಆಗಮಿಸಿ' ಅಂತ ಬರದೈತಿ. ಓಣ್ಯಾಗ ಮನಿ ಮನೀಗೆ ಹೋಗಿ, ಕುಂಕುಮ ಕೊಟ್ಟು, ಇದನ್ನ ಓದಿ ಹೇಳಿ ಕರದೇನಿ. ಮೂವತ್ತು ವರ್ಷ ಅಚ್ಚ ಹಾಕೀದಿ, ಒಮ್ಮೆರ ಓದಿ ನೋಡಿದ್ದೀ ಏನು?"

ಅಡುಗೆಯವನು ನನ್ನ ಬೆನ್ನ ಹಿಂದೆ ಬಂದು ನಿಂತು ತಲೆ ಎಣಿಸುತ್ತಿದ್ದ. ಅವನ ಉಸಿರು ನನಗೆ ಕೇಳುತ್ತಿತ್ತು. ಅಕ್ಕ ಅದಾಗಲೇ ಕೈಕಾಲು ತೊಳೆದು ಒಳಗೆ ನಡೆದಿದ್ದಳು. ಮಣೆಯ ಮುಂದೆ ಕೂತು, ಬಟ್ಟಲಿಗೆ ಕೈ ಹಾಕಿ, ನನ್ನ ಮಗಳ ಎರಡೂ ಕೆನ್ನೆಗೆ ಅರಿಷಿಣ ಹಚ್ಚಿದಳು. ಮಗಳು ಅತ್ತೆಯ ಕೊರಳಿಗೆ ಬಿದ್ದಳು. ಓಣಿಯ ಹೆಣ್ಣುಮಕ್ಕಳೆಲ್ಲ ಒಮ್ಮೆಲೇ ಸೋಬಾನ ಎತ್ತಿದರು. ಮನೆ ತುಂಬಿತು ಅಂದರೆ ತುಂಬಿತು, ನಿಲ್ಲಲು ಜಾಗವಿಲ್ಲ.

ನನಗೆ ಸಂತೋಷವೇ ಸಂತೋಷ. ಆದರೂ ಅಡುಗೆಯವನ ಮುಖ ನೋಡಿ ಅಕ್ಕನ ಕಿವಿಯಲ್ಲಿ ಹೇಳಿದೆ: "ಅಕ್ಕಾ, ಇಷ್ಟು ಮಂದಿ ಬರ್ತಾರ ಅಂತ ನಿನ್ನೇನ ಒಂದು ಫೋನ್ ಮಾಡಿ ಹೇಳಬಾರದಿತ್ತೇನ?"

ಅಕ್ಕ ಅರಿಷಿಣದ ಕೈಯನ್ನು ನನ್ನ ಗಲ್ಲಕ್ಕೂ ಒರೆಸಿದಳು. "ಫೋನಿನ್ಯಾಗ ಹೇಳಿದ್ರ ಮರ್ಯಾದಿ ಅನಸ್ತೈತೇನೋ? ಅದಕ್ಕ ಎಲ್ಲಾರನ್ನೂ ಕರಕೊಂಡ ಬಂದು ಮಕದ ಎದುರಿಗೆ ಹೇಳಾಕತ್ತೇನಿ."