ಬೆಳಕವಾಡಿಯ ಪತಂಗ ಮತ್ತು ನಮ್ಮ ಸಾಹೇಬರು

ಎಪ್ಪತ್ತರ ದಶಕದಲ್ಲಿ ಮಂಡ್ಯ ಸೀಮೆಯಲ್ಲಿ ಪತಂಗ ಹಿಡಿದು ಗುರುತಿಸುವುದೇ ನನ್ನ ಸರ್ಕಾರಿ ಕೆಲಸ. ಹುಳಗಳಿಂದ ನನಗೆಂದೂ ತೊಂದರೆಯಾದದ್ದಿಲ್ಲ. ತೊಂದರೆಯೆಲ್ಲ ಎರಡು ಕಾಲಿನವರಿಂದ.

ಪರದೆ

ಬೆಳಕವಾಡಿಯ ನಾಲೆ ಏರಿಯ ಮೇಲೆ ಒಂದು ಸಂಜೆ ಬಿಳಿ ಪಂಚೆಯನ್ನು ಪರದೆಯಂತೆ ಕಟ್ಟಿ, ಮುಂದೆ ಗ್ಯಾಸ್‌ಲೈಟು ಇಟ್ಟೆ. ಬೆಳಕಿಗೆ ಪತಂಗಗಳು ಬಂದು ಬಟ್ಟೆಯ ಮೇಲೆ ಕೂರುತ್ತವೆ. ಅವಕ್ಕಿಂತ ಮೊದಲು ಊರೇ ಬಂದು ಕೂತಿತು.

"ಯಾವ ಪಿಚ್ಚರ್ ಸಾ?" ಮುಂದೆ ಕೂತಿದ್ದ ಯಜಮಾನರು ಕೇಳಿದರು.

"ಪಿಚ್ಚರ್ ಅಲ್ಲ ಯಜಮಾನ್ರೇ, ಹುಳ ಹಿಡಿಯೋದಕ್ಕೆ."

ಯಾರೂ ನಂಬಲಿಲ್ಲ. ಕೊನೆಗೆ ಬೆಳ್ಳಿಗೆರೆಯ ಹಸಿರು ಪತಂಗವೊಂದು ಬಂದು ಕೂತಿತು. ಅಂಥದ್ದನ್ನು ಈ ಜಿಲ್ಲೆಯಲ್ಲಿ ಯಾರೂ ದಾಖಲಿಸಿರಲಿಲ್ಲ. ಅದನ್ನು ಮೆಲ್ಲಗೆ ಸೀಸೆಗಿಳಿಸಿ ಮುಚ್ಚಳ ಹಾಕಿದೆ. ಯಜಮಾನರು ಟವೆಲ್ ಕೊಡವಿ ಎದ್ದರು.

"ಏಳ್ರಲಾ. ಓದ್ಸಲ ತೋರ್ಸಿದ್ ಕುಟುಂಬ ಯೋಜನೆ ಪಿಚ್ಚರೇ ವಾಸಿ ಕಣ್ಲಾ, ಅದ್ರಲ್ಲಿ ಮನುಸ್ರಾದ್ರೂ ಇದ್ರು."

ಗುರುತು

ಪತಂಗವನ್ನು ಸೂಜಿಗೆ ಚುಚ್ಚಿ, ಪೆಟ್ಟಿಗೆಯಲ್ಲಿಟ್ಟು, ಮಂಡ್ಯದ ಕಚೇರಿಯಲ್ಲಿ ನಮ್ಮ ಸಾಹೇಬರಿಗೆ ತೋರಿಸಿದೆ. ಅವರಿಗೆ ಕೀಟಶಾಸ್ತ್ರದಲ್ಲಿ ದೊಡ್ಡ ಡಿಗ್ರಿಯಿತ್ತು. ಕೀಟಗಳ ಪರಿಚಯ ಅಷ್ಟಿರಲಿಲ್ಲ. ಕಾಫಿ ಲೋಟ ಕೆಳಗಿಡದೆಯೇ, "ಕಬ್ಬಿನ ಸುಳಿಕೊರಕ. ಆಚೆ ಬಿಸಾಕ್ರೀ" ಎಂದರು.

ನಾನು ಬಿಸಾಕಲಿಲ್ಲ. ಸ್ವಲ್ಪ ದಿನಕ್ಕೆ ಕಲ್ಕತ್ತೆಯ ತಜ್ಞರೊಬ್ಬರು ಬಂದವರು ಭೂತಗನ್ನಡಿ ಹಿಡಿದು ನೋಡಿ, ಬಹಳ ಅಪರೂಪದ್ದು, ಫೋಟೋ ಕಳಿಸಿದರೆ ದಾಖಲೆ ಮಾಡಿಸುತ್ತೇನೆ ಎಂದರು.

ಸಾಹೇಬರು ನನ್ನತ್ತ ತಿರುಗಿದರು. "ಅವತ್ತೇ ಹೇಳಲಿಲ್ವೇನ್ರೀ, ಜೋಪಾನವಾಗಿಡಿ ಅಂತ?"

ಫೋಟೋ

ಸಾಹೇಬರು ಸೂಟು ತೊಟ್ಟು, ಪೆಟ್ಟಿಗೆಯನ್ನು ಎದೆಗೆ ಹಿಡಿದು ಸ್ಟುಡಿಯೋದಲ್ಲಿ ಕೂತರು. ಕಲೆ ಒಂದೂ ಕಾಣಬಾರದೆಂದು ತಾಕೀತು ಮಾಡಿದರು. ಸ್ಟುಡಿಯೋದವನು ಪ್ರಾಮಾಣಿಕ. ಸಾಹೇಬರ ಕೆನ್ನೆಯ ಕಲೆಗಳನ್ನೆಲ್ಲ ತಿದ್ದಿ ಅಳಿಸಿದ. ಅದೇ ಕೈಯಲ್ಲಿ ಪತಂಗದ ಬೆಳ್ಳಿಗೆರೆಗಳನ್ನೂ ಅಳಿಸಿದ. ಅದನ್ನು ಗುರುತಿಸುವುದೇ ಆ ಗೆರೆಗಳಿಂದ. ಬರೀ ಪತಂಗದ್ದೇ ಇನ್ನೊಂದು ಫೋಟೋ ತೆಗೆಸಿ ನಾನು ಸದ್ದಿಲ್ಲದೆ ಕಳಿಸಬೇಕಾಯಿತು.

ಸಾಹೇಬರು ಮಾತ್ರ ಮೊದಲನೆಯದಕ್ಕೆ ಕಟ್ಟು ಹಾಕಿಸಿದರು. "ಪತಂಗ ಹೆಂಗಾದ್ರೂ ಇರ್ಲಿ ಬಿಡ್ರೀ, ನಾನು ಚೆನ್ನಾಗಿ ಬಂದಿದೀನಿ."

ಸನ್ಮಾನ

ದಾಖಲೆಯಾಯಿತು. ಮಳವಳ್ಳಿಯಲ್ಲಿ ಸಾಹೇಬರಿಗೆ ಶಾಲು, ಪೇಟ, ದೊಡ್ಡ ಹಾರ. ನಾಲೆ ಏರಿಯ ಮೇಲೆ ಸೊಳ್ಳೆ ಕಚ್ಚಿಸಿಕೊಂಡು ತಾವು ಕಾದದ್ದನ್ನು ಮನಮುಟ್ಟುವಂತೆ ವರ್ಣಿಸಿದರು. ಕಾದವನು ನಾನು, ಸೊಳ್ಳೆ ಕಚ್ಚಿದ್ದೂ ನನಗೇ. "ಇಡೀ ಸೀಮೇಲಿ ಸಿಕ್ಕಿರೋದು ಇದೊಂದೇ" ಎಂದು ಪೆಟ್ಟಿಗೆ ಎತ್ತಿ ತೋರಿಸಿದರು.

ಸಭೆಯಿಂದ ರೈತರೊಬ್ಬರು ಎದ್ದರು. "ಸಾ, ಅದು ಆರ್ತದಾ?"

"ಇಲ್ಲಪ್ಪ, ಸತ್ತಿದೆ."

"ಇದ್ದಿದ್ದೇ ಒಂದು ಅಂತೀರಿ. ಅದ್ನೂ ಸಾಯ್ಸಿ ಸೂಜಿ ಚುಚ್ಚಿದೋರ್ಗೆ ಆರ ಆಕ್ತಾವ್ರಲ್ಲ, ಇದ್ಯಾವ ನ್ಯಾಯ ಸಾ?"

ಸಭೆ ಗೊಳ್ಳೆಂದಿತು. ಸಾಹೇಬರು ನನ್ನನ್ನು ವೇದಿಕೆಗೆ ಕರೆದರು, ಹಾರ ತೆಗೆದು ನನ್ನ ಕೊರಳಿಗೆ ಹಾಕಿದರು, ಮೈಕಿಗೆ ಬಾಯಿ ಕೊಟ್ಟು ಹೇಳಿದರು:

"ಹಿಡಿದು ಸಾಯಿಸಿದವರು ಇವರೇ."