ಶಟಲ್ ಕೋರ್ಟಿನಲ್ಲಿ ಕಬಡ್ಡಿಯ ಕೈ

ಆಟ ಬಿಟ್ಟ ಗಂಡಸನ್ನು ಮನೆಯಲ್ಲಿಟ್ಟುಕೊಳ್ಳುವುದು ಕಷ್ಟ. ಹೊಸ ಆಟ ಹಿಡಿದವರನ್ನು ಇಟ್ಟುಕೊಳ್ಳುವುದು ಇನ್ನೂ ಕಷ್ಟ ಎಂಬುದು ನನಗೆ ಈಚೆಗೆ ತಿಳಿಯಿತು. ನಮ್ಮ ಯಜಮಾನರು ಮೀಸೆ ಮೂಡಿದಾಗಿನಿಂದ ಕಬಡ್ಡಿ ಆಡಿದವರು. ಮಾಗಡಿಯಾಗಲಿ, ಚನ್ನಪಟ್ಟಣವಾಗಲಿ, ಮೂಲೆಯಲ್ಲಿ ಬಗ್ಗಿ ನಿಂತು ಒಳಗೆ ಬಂದವನ ಕಾಲು ಹಿಡಿಯುವುದು ಇವರ ಕೆಲಸ. ಮನೆಯಲ್ಲಿ ಯಾರೆದುರೂ ಬಗ್ಗದವರು ಅಲ್ಲಿ ಕಂಡಕಂಡವರ ಕಾಲು ಹಿಡಿಯುವುದನ್ನು ನೋಡಲೆಂದೇ ನಾನು ಪಂದ್ಯಗಳಿಗೆ ಹೋಗುತ್ತಿದ್ದೆ. ನಲವತ್ತೆಂಟರಲ್ಲಿ ಮಂಡಿ ಕೈಕೊಟ್ಟಿತು. ಡಾಕ್ಟರು ಮಣ್ಣಿನ ಆಟ ಸಾಕು ಎಂದರು. ಇವರು ರಾಮನಗರದ ನಮ್ಮ ಬಡಾವಣೆಯ ಶಟಲ್ ಕ್ಲಬ್ಬಿಗೆ ಸೇರಿದರು.

ಕಬಡ್ಡಿಗೆ ಒಂದು ಚಡ್ಡಿ ಸಾಕಿತ್ತು. ಇದಕ್ಕೆ ಬ್ಯಾಟು, ಬ್ಯಾಟಿಗೊಂದು ಚೀಲ, ಹಣೆಗೆ ಪಟ್ಟಿ, ಮಣಿಕಟ್ಟಿಗೆ ಪಟ್ಟಿ, ಮಂಡಿಗೆ ಪಟ್ಟಿ. ಅಷ್ಟನ್ನೂ ಕಟ್ಟಿಕೊಂಡು ಹೊರಟವರನ್ನು ನೋಡಿ ಎದುರುಮನೆಯ ಅಜ್ಜಿ, "ಪಾಪ, ಎಲ್ ಬಿದ್ಬುಟ್ರವ್ವಾ?" ಎಂದು ನನ್ನನ್ನು ವಿಚಾರಿಸಿದರು. ಕ್ಲಬ್ಬಿನಲ್ಲಿ ಆಡುವವರಿಗಿಂತ ಬೂಟಿನ ತಳದ ವಿಷಯ ಮಾತಾಡುವವರೇ ಹೆಚ್ಚು. ಬೆವರು ಬರುವ ಮೊದಲೇ ಒರೆಸಿಕೊಳ್ಳುವ ಶಿಸ್ತು ಅವರದು. ಹಳೆಯ ಕಬಡ್ಡಿ ಗೆಳೆಯ ಸಿದ್ದರಾಜು ಮಾತ್ರ ಮನೆಗೇ ಬಂದು, "ಏನ್ಲಾ, ತೊಡೆ ತಟ್ತಿದ್ದೋನು ಈಗ ಕೋಳಿಪುಕ್ಕ ಹೊಡೀತಾ ಕುಂತಿದ್ದೀಯಂತೆ?" ಎಂದುಬಿಟ್ಟ. ಇವರಿಗೆ ಊಟ ಸೇರಲಿಲ್ಲ. ಕನಕಪುರದ ಕ್ಲಬ್ಬಿನವರ ಮೇಲೆ ನಡೆಯಲಿದ್ದ ಡಬಲ್ಸ್ ಪಂದ್ಯ ಗೆದ್ದೇ ಅವನ ಬಾಯಿ ಮುಚ್ಚಿಸಬೇಕೆಂದು ಹಟ ತೊಟ್ಟರು.

ತೊಂದರೆ ಇದ್ದದ್ದು ಕೈಯಲ್ಲಿ. ಕಬಡ್ಡಿಯಲ್ಲಿ ಎದುರಾಳಿ ಒಳಗೆ ಬಂದರೆ ಪಕ್ಕದವನ ಕೈ ಹಿಡಿದು ಸರಪಳಿ ಕಟ್ಟುತ್ತಾರೆ. ಶಟಲ್ ಮೇಲೆದ್ದ ಕೂಡಲೇ ಇವರು ತಮ್ಮ ಜೋಡಿಯಾದ ನಯಾಜ್ ಭಾಯಿಯ ಬ್ಯಾಟಿನ ಕೈಯನ್ನೇ ಗಟ್ಟಿಯಾಗಿ ಹಿಡಿಯುತ್ತಿದ್ದರು. ಇಬ್ಬರೂ ಬಹಳ ಒಗ್ಗಟ್ಟಿನಿಂದ ಶಟಲ್ ಬೀಳುವುದನ್ನು ನೋಡುತ್ತಿದ್ದರು.

"ಗೌಡ್ರೇ, ಒಸಿ ಕೈ ಬುಡಿ. ನಾನೆಲ್ಲೂ ಓಡೋಗಲ್ಲ" ಎಂದರು ನಯಾಜ್ ಭಾಯಿ. ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಕಸುಬಿನ ಅವರಿಗೆ ಎಳೆ ಬಿಡಿಸುವ ತಾಳ್ಮೆಯಿದೆ. ಆದರೂ ವಾರದೊಳಗೆ ಓಡಿಹೋದರು. ಮಿಕ್ಕವರು ಕೈ ಜೇಬಿಗಿಳಿಸಿ ದೂರ ನಿಂತರು. ಕೊನೆಗೆ ಕ್ಲಬ್ಬಿನ ಅಧ್ಯಕ್ಷರು, "ಇವ್ರು ಕೈ ಹಿಡಿದ್ರೂ ಕೇಸ್ ಹಾಕ್ದೇ ಇರೋರು ನೀವೊಬ್ರೇ ಮೇಡಂ" ಎಂದು ನನ್ನನ್ನು ಜೋಡಿ ಮಾಡಿ ಪಂದ್ಯವನ್ನು ಮಿಕ್ಸೆಡ್ ಡಬಲ್ಸ್ ಎಂದು ಬದಲಿಸಿದರು.

ನಾನು ಕಾನ್ವೆಂಟಿನಲ್ಲಿ ಥ್ರೋಬಾಲ್ ಆಡಿದವಳು. ಚೆಂಡು ಯಾರಿಗಾದರೂ ತಾಗಿದರೆ ಮೊದಲು ಸಾರಿ ಹೇಳಬೇಕು, ಆಮೇಲೆ ಗೆಲ್ಲಬೇಕು ಎಂದು ಸಿಸ್ಟರ್ ಕಲಿಸಿದ್ದರು. ಮದುವೆಯಾದಾಗಿನಿಂದ ರಸ್ತೆ ದಾಟುವಾಗಲೂ ನನ್ನ ಕೈ ಹಿಡಿಯದ ಮನುಷ್ಯ ಇಡೀ ತಿಂಗಳು ಊರೆದುರು ಹಿಡಿದರು. ಬಳೆ ತೆಗೆದಿಟ್ಟು ಆಡಿದೆ. ಪಂದ್ಯದ ದಿನ ಕನಕಪುರದ ಕೋರ್ಟಿನಲ್ಲಿ ಬೇರೆ ದಾರಿ ಕಾಣದೆ, ಹಿಡಿಯಲು ಏನಾದರೂ ಇರಲೆಂದು ಅವರ ಎಡಗೈಗೆ ಒಂದು ನಿಂಬೆಹಣ್ಣು ಕೊಟ್ಟೆ.

ಕನಕಪುರದವರ ಕಣ್ಣು ಮೊದಲು ಅದರ ಮೇಲೇ ಬಿತ್ತು. "ಮಂತ್ರಿಸ್ಕೊಂಡು ತಂದವ್ರೆ ಕಣ್ಲಾ" ಎಂದು ಅವರ ಕಡೆಯವನೊಬ್ಬ ಪಿಸುಗುಟ್ಟಿದ. ಎಂಜಿನಿಯರಿಂಗ್ ಓದಿದ ಆ ಜೋಡಿ ಅಂದು ಶಟಲ್ ನೋಡಲೇ ಇಲ್ಲ. ನಿಂಬೆಹಣ್ಣು ಇತ್ತ ಬಂದರೆ ಅತ್ತ ಸರಿಯಿತು. ಹೀಗೆ ವಿಜ್ಞಾನದ ಕೃಪೆಯಿಂದ ನಾವು ಕೊನೆಯ ಪಾಯಿಂಟಿನವರೆಗೂ ಸಮಸಮ ಬಂದೆವು.

ಆಗ ಶಟಲ್ ನಮ್ಮಿಬ್ಬರ ನಡುವೆ ಎತ್ತರಕ್ಕೆದ್ದಿತು. ಇವರು ನಿಂಬೆಹಣ್ಣು ಹಿಡಿದು, ಬ್ಯಾಟು ಎತ್ತಿ, ಜೀವಮಾನದಲ್ಲಿ ಮೊದಲ ಬಾರಿ ಸರಿಯಾಗಿ ನಿಂತರು. ಹೊಡೆದಿದ್ದರೆ ಗೆಲುವು. ನಾನು ಹೋಗಿ ಅವರ ಬಲಗೈಯನ್ನು ಭದ್ರವಾಗಿ ಹಿಡಿದುಕೊಂಡೆ. ಶಟಲ್ ಕಾಲ ಬಳಿ ಮೆತ್ತಗೆ ಬಿತ್ತು.

ನೋಡಲು ಬಂದಿದ್ದ ಸಿದ್ದರಾಜು ಎದ್ದು ನಿಂತು ಚಪ್ಪಾಳೆ ತಟ್ಟಿದ. "ಪುಕ್ಕದಾಟ ಅಂದ್ರೆ ಏನೋ ಅನ್ಕೊಂಡಿದ್ದೆ. ನಮ್ಮಾಟದಂಗೇ ಐತಲ್ಲೋ. ನಾನೂ ಸೇರ್ಕೊತೀನಿ, ನಂಗೂ ಒಂದ್ ಬ್ಯಾಟು ಕೊಡ್ಸು ಕಣ್ಲಾ."

ಊರಿಗೆ ಮರಳುವ ಬಸ್ಸಿನಲ್ಲಿ ಇವರು, "ಅಲ್ವೇ, ಕೊನೇಲಿ ಯಾಕೆ ಹಿಡ್ಕೊಂಡೆ?" ಎಂದು ಕೇಳಿದರು. ತಿಂಗಳಿಂದ ಬರುತ್ತಿದ್ದ ಕೈ ಅಂದು ಬಾರದಿದ್ದಾಗ, ಕೋಪವೇನೋ ಎಂದು ನಾನೇ ಹೋದೆ ಎನ್ನುವುದು ಹೇಗೆ? "ಬಿಸಿಲು ಕಣ್ಣಿಗೆ ಹೊಡೀತು ರೀ" ಎಂದೆ. ಆ ಕೋರ್ಟಿನ ತಗಡಿನ ಸೂರಿನಡಿ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಬಿಸಿಲು ಎಲ್ಲಿಂದ ಬಂತೆಂದು ಅವರು ಕೇಳಲಿಲ್ಲ.