ಕಿವಿ ಬಂದ ಕ್ಯಾಮರಾಗಳು ಮತ್ತು ನನ್ನ ಹೊಟ್ಟೆಕಿಚ್ಚು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಿದ್ದರು ಹಿರಿಯರು. ಈಗ ಮಾತು ಆಡಿದರೂ ಎಲ್ಲಿಗೂ ಹೋಗುವುದಿಲ್ಲ ಮಾರಾಯ್ರೆ, ಪಕ್ಕದ ಮನೆ ಕ್ಯಾಮರಾದ ಮೆಮೊರಿ ಕಾರ್ಡಿನಲ್ಲಿ ಹಾಯಾಗಿ ಕೂತಿರುತ್ತದೆ. ಕ್ಯಾಮರಾ ಹಾಕಿಸುವಾಗ ಎಲ್ಲರೂ ಹೇಳುವುದು ಕಳ್ಳರ ಭಯ. ಆಮೇಲೆ ಮೊಬೈಲು ಕಿವಿಗೆ ಹಿಡಿದು ಕೇಳುವುದು ಮಾತ್ರ ನೆರೆಯವರ ಸುದ್ದಿ. ಹೊನ್ನಾವರದಲ್ಲಿ ವಕೀಲಿ ಮಾಡುವ ನಮಗೆ ಇಂಥ ತಕರಾರು ಬರುತ್ತಲೇ ಇರುತ್ತವೆ.

ನಮಗೆ ಅಂದೆನಲ್ಲ, ಹೆಚ್ಚಿನವು ಬರುವುದು ಎದುರು ಕೋಣೆಯ ವಕೀಲನಿಗೆ. ನನ್ನ ಜೊತೆಗೇ ಓದಿದವ. ಅವನ ಬೆಂಚು ತುಂಬಿದಾಗ ಉಳಿದವರು ನನ್ನ ಬೆಂಚಿಗೆ ಬಂದು, ನನ್ನ ಫ್ಯಾನಿನ ಕೆಳಗೆ ಕೂತು, ಅವನಿಗಾಗಿ ಕಾಯುತ್ತಾರೆ. "ಫ್ಯಾನ್ ಸ್ವಲ್ಪ ಜೋರು ಮಾಡಿ ಮೇಡಂ" ಅಂತ ಬೇರೆ ಹೇಳುತ್ತಾರೆ. ಅವನ ಎದುರು ನಿಂತ ಒಂದು ಕೇಸನ್ನೂ ನಾನು ಗೆದ್ದವಳಲ್ಲ. ಹೊಟ್ಟೆಕಿಚ್ಚಾ ಅಂತ ಕೇಳಿದರೆ, ಹೌದು, ಹೊಟ್ಟೆಕಿಚ್ಚೇ. ಸಾಯುವುದರೊಳಗೆ ಒಂದೇ ಒಂದು ಸಲ ಅವನನ್ನು ಸೋಲಿಸಬೇಕು ಅನ್ನುವುದು ನನ್ನ ಆಸೆ.

ದೃಷ್ಟಿ ಬೀಳದ ಮನೆ

ಧಾರೇಶ್ವರದ ಕಡೆಯ ಹೆಂಗಸೊಬ್ಬಳು ಒಂದಿನ ನನ್ನ ಹತ್ತಿರವೇ ಬಂದಳು. ಎದುರು ಕೋಣೆಗೆ ಬೀಗ ಇತ್ತು, ಅದಕ್ಕೆ. ಅವಳು ಹೊಸ ಮನೆ ಕಟ್ಟಿಸಿದ್ದಳು. ಬಾಗಿಲಿಗೆ ಬೂದುಗುಂಬಳ ತೂಗುಹಾಕಿದ್ದು ಸಾಲದೆಂದು ಗೇಟಿಗೆ ಮಾತು ಕೇಳುವ ಕ್ಯಾಮರಾ ಹಾಕಿಸಿದ್ದಳು.

"ಮಾತು ಕೇಳೂದು ಎಂತಕ್ಕೆ?" ಅಂದೆ.

"ಮನೆ ನೋಡಿ ಹೊಟ್ಟೆ ಉರಿಸ್ಕಂಬವರು ಯಾರು ಅಂತ ಗೊತ್ತಾದ್ರೆ ದೃಷ್ಟಿ ತೆಗೂಕೆ ಸುಲಭ ಅಲ್ದಾ ಮೇಡಂ?"

"ಯಾರ್ಯಾರು ಸಿಕ್ಕಿದರು?"

ಅವಳ ಮುಖ ಬಾಡಿತು. ದಿನಾ ಕೂತು ಕೇಳಿದ್ದಾಳೆ. ಗೇಟಿನ ಮುಂದೆ ನಿಂತವರೆಲ್ಲ ಹೊಗಳಿದ್ದು ಪಕ್ಕದ ಮನೆಯನ್ನು! ಅದರ ಬಣ್ಣ ಚಂದವಂತೆ, ತುಳಸಿಕಟ್ಟೆ ಚಂದವಂತೆ. ಇವಳ ಮನೆ ಬಗ್ಗೆ ಒಬ್ಬನಾದರೂ ಕೊಂಕು ನುಡಿದಿದ್ದರೆ ಹೇಳಿ. ಈಗ ಅವಳಿಗೆ ಪಕ್ಕದ ಮನೆಯವರ ಮೇಲೆ ಕೇಸು ಹಾಕಬೇಕಿತ್ತು.

ನಾನು ತಿಳಿಹೇಳಿದೆ. "ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಕಳ್ಳನ ಮುಖ ಕಾಣಲಿಕ್ಕೆ ಚಿತ್ರ ಸಾಕು. ದಾರಿಹೋಕರ ಮಾತು ಹಿಡಿದಿಟ್ಟರೆ ನಾಳೆ ನಿಮ್ಮ ಮೇಲೇ ಯಾರಾದರೂ ದೂರು ಕೊಟ್ಟಾರು. ಆ ಮೈಕು ಬಂದ್ ಮಾಡಿ."

ಆಗಲಿ ಅಂತ ಹೋದವಳು ಕೆಲವು ದಿನ ಬಿಟ್ಟು ಕೊಟ್ಟೆಕಡುಬು ಕಟ್ಟಿಕೊಂಡು ಬಂದಳು. ಮುಖ ಅರಳಿತ್ತು. ಮೈಕು ಬಂದ್ ಮಾಡುವ ಮುಂಚೆ ಕೊನೇ ಸಲ ಕೇಳಿದಳಂತೆ. ಅವಳ ನಾದಿನಿ ಗೇಟಿನ ಹತ್ತಿರ ನಿಂತು ತನ್ನ ಗಂಡನಿಗೆ, "ಇಷ್ಟು ದೊಡ್ಡ ಮನೆ ಕಟ್ಟೂಕೆ ಇವ್ರಿಗೆ ಎಲ್ಲಿಂದ ಬಂತು ಅಂತೆ?" ಅಂದಿದ್ದಳಂತೆ.

"ಅಂತೂ ನಮ್ಮನೆಗೂ ದೃಷ್ಟಿ ಬಿತ್ತು ಮೇಡಂ!" ಅಂದಳು ಪುಣ್ಯಾತ್ಗಿತ್ತಿ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಬನ್ಸಿನ ಹೋಟೆಲು

ನಮ್ಮ ಪೇಟೆಯಲ್ಲಿ ಒತ್ತಿಗೊತ್ತಿ ಎರಡು ಹೋಟೆಲುಗಳಿವೆ. ಎಡಗಡೆಯದರಲ್ಲಿ ಬನ್ಸಿಗೆ ಜನ ಮುಗಿಬೀಳುತ್ತಾರೆ. ಬಲಗಡೆಯ ಮಾಲೀಕ ಅದನ್ನು ನೋಡಿ ನೋಡಿ ಸೊರಗಿದ್ದ. ಆ ಸಂಕಟ ಹೇಗಿರುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಿರಾಕಿಗಳು ತನ್ನ ಬಗ್ಗೆ ಎಂತ ಹೇಳುತ್ತಾರೆ ಅಂತ ತಿಳಿಯಲು ಅವ ಹೊರಗೆ ಕ್ಯಾಮರಾ ಹಾಕಿಸಿದ. ಅದು ಕೇಳುವುದಷ್ಟೇ ಅಲ್ಲ, ಮಾಲೀಕ ಮನೆಯಲ್ಲೇ ಕೂತು ಮೊಬೈಲಿನಿಂದ ಅದರ ಮೂಲಕ ಮಾತಾಡಲೂಬಹುದು.

ಒಂದು ಬೆಳಗ್ಗೆ ಇಬ್ಬರು ರಿಟೈರ್ಡ್ ಮಾಸ್ತರರು ಕ್ಯಾಮರಾದ ಕೆಳಗೆ ನಿಂತು, "ಇಲ್ಲಿ ಬ್ಯಾಡ, ಇಲ್ಲಿಯ ಬನ್ಸ್ ಕಲ್ಲಿನ ಹಾಂಗೆ" ಅಂದರು. ಮೇಲಿನಿಂದ ಅಶರೀರವಾಣಿ ಗುಡುಗಿತು: "ಹಲ್ಲಿಲ್ಲದ ಬಾಯಿಗೆ ಎಲ್ಲವೂ ಕಲ್ಲೇ!"

ಮಾಸ್ತರರು ಬಿಡುತ್ತಾರಾ? ನಮ್ಮ ಖಾಸಗಿ ಮಾತು ಕದ್ದು ಕೇಳಿದ್ದಾನೆ ಅಂತ ದೂರು ಕೊಡಲು ಹೊರಟರು. ಹೋಟೆಲಿನವ ಓಡಿ ನನ್ನ ಹತ್ತಿರ ಬಂದ. ನಾನು ಹೇಳಿದ್ದಿಷ್ಟು: "ಮಾಸ್ತರರ ಕ್ಷಮೆ ಕೇಳು, ಮೈಕು ಬಂದ್ ಮಾಡು. ಆಗೂದೇ ಇಲ್ಲ ಅಂದರೆ, ಇಲ್ಲಿ ಮಾತು ರೆಕಾರ್ಡ್ ಆಗ್ತದೆ ಅಂತ ಬೋರ್ಡಾದರೂ ಹಾಕು. ಜನರಿಗೆ ಗೊತ್ತಿರಬೇಕು."

ಕ್ಷಮೆ ಕೇಳಿದ. ಆದರೆ ಮೈಕು ಬಿಡಲು ಮನಸ್ಸಿಲ್ಲ, ಬೋರ್ಡು ಹಾಕಿದ. ಮರುದಿನದಿಂದ ಜನ ಬೋರ್ಡಿನ ಕೆಳಗೆ ಬಂದು ನಿಂತು, "ಆಹಾ, ಇಲ್ಲಿಯ ಬನ್ಸ್ ಅಂದ್ರೆ ಅಮೃತ!" ಅಂತ ಕ್ಯಾಮರಾಕ್ಕೆ ಕೂಗಿ ಹೇಳಿ, ಪಕ್ಕದ ಹೋಟೆಲಿಗೆ ಹೋಗಿ ತಿನ್ನತೊಡಗಿದರು.

ಅವ ನನ್ನ ಮೇಲೆ ಸಿಟ್ಟುಮಾಡಿ ಎದುರು ಕೋಣೆಗೆ ಹೋದ. ಹೊರಬರುವಾಗ ನನ್ನ ಬಾಗಿಲಲ್ಲಿ ನಿಂತು, "ಅವ್ರ ತಲೆ ಅಂದ್ರೆ ತಲೆ ಮೇಡಂ. ಒಂದೇ ಮಾತಲ್ಲಿ ಮುಗಿಸಿದ್ರು" ಅಂದ.

"ಎಂತ ಹೇಳಿದರು?"

"ಮೈಕು ಬಂದ್ ಮಾಡು ಅಂದ್ರು."

ಹಿತ್ತಲ ಗಿಡ ಮದ್ದಲ್ಲ. ಆ ದಿನ ನನಗೆ ಊಟ ಸೇರಲಿಲ್ಲ.

ಭಟ್ಕಳದ ಜಗಲಿ

ಈ ಮೂರನೇ ಕ್ಯಾಮರಾ ಕೇಸಿನಲ್ಲಿ ನಾವಿಬ್ಬರೂ ಎದುರುಬದುರು. ನನ್ನ ಕಕ್ಷಿದಾರಳು ಭಟ್ಕಳದವಳು, ಮಲ್ಲಿಗೆ ಬೆಳೆದು ಮಾರುವವಳು. ಸಂಜೆ ಕೇರಿಯ ಹೆಂಗಸರೆಲ್ಲ ಅವಳ ಜಗಲಿಯಲ್ಲಿ ಕೂತು ಮೊಗ್ಗು ಕಟ್ಟುವುದು ವಾಡಿಕೆ. ಕೈಗೆ ಬಾಳೆನಾರು, ಬಾಯಿಗೆ ಕೇರಿಯ ಸುದ್ದಿ. ಸುದ್ದಿ ಇಲ್ಲದಿದ್ದರೆ ಮೊಗ್ಗು ಯಾರು ಕಟ್ಟುತ್ತಾರೆ ಹೇಳಿ.

ಪಕ್ಕದ ಮನೆಯವ ತೆಂಗಿನಕಾಯಿ ಕಳ್ಳತನದ ನೆವ ಹೇಳಿ ಪಾಗಾರದ ಗೋಡೆಯ ಮೂಲೆಗೆ ಕ್ಯಾಮರಾ ಹಾಕಿಸಿದ. ಅಲ್ಲಿಂದ ಶುರುವಾಯಿತು. ಇವತ್ತು ಜಗಲಿಯಲ್ಲಿ ಆಡಿದ ಮಾತಿಗೆ ನಾಳೆ ಅವನ ಹೆಂಡತಿ ಬಾವಿಕಟ್ಟೆಯಲ್ಲಿ ಉತ್ತರ ಕೊಡುತ್ತಾಳೆ! ಹೆಂಗಸರು ಹೆದರಿ ಆಚೆ ಕೇರಿಯ ಇನ್ನೊಬ್ಬಳ ಜಗಲಿಗೆ ಹೋದರು. ಇವಳ ಮೊಗ್ಗು ಬುಟ್ಟಿಯಲ್ಲೇ ಅರಳತೊಡಗಿತು.

"ಹೂ ಹಾಳಾದ್ರೆ ಹಾಳಾಗ್ಲಿ ಅಮ್ಮಾ," ಅಂದಳು, "ಆಚೆ ಕೇರಿಯವಳ ಜಗಲಿಯಿಂದ ನಗೂದು ಕೇಳ್ತದಲ್ಲ, ಅದು ತಡೆಯೂಕಾಗೂದಿಲ್ಲ. ನನ್ನ ಜನ ನನಗೆ ವಾಪಸ್ ಬೇಕು."

ನನಗೆ ಅವಳು ಒಡಹುಟ್ಟಿದವಳ ಹಾಗೆ ಕಂಡಳು. ನೋಟೀಸು ಕಳಿಸಿದೆ. ಎದುರು ಕೋಣೆಯ ವಕೀಲನಿಂದ ಉತ್ತರ ಬಂತು: ಕ್ಯಾಮರಾ ಚಿತ್ರ ಮಾತ್ರ ತೆಗೆಯುತ್ತದೆ, ಅದಕ್ಕೆ ಮೈಕೇ ಇಲ್ಲ. ಇದೆ ಅಂತ ತೋರಿಸುವುದು ಹೇಗೆ? ಕ್ಯಾಮರಾ ಅವರ ಪಾಗಾರದ ಮೇಲೆ, ಮೊಬೈಲು ಅವರ ಕೈಯಲ್ಲಿ.

ಜಾಗ ನೋಡಲು ಭಟ್ಕಳಕ್ಕೆ ಹೋದೆ. ಜಗಲಿಯಲ್ಲಿ ಕೂರಿಸಿ ಚಾ ಕೊಟ್ಟಳು. ಕೊಟ್ಟವಳು ಸುಮ್ಮನಿರಬಾರದಾ, "ಆ ವಕೀಲರು ಭಾರೀ ಜೋರಂತಲ್ಲ ಅಮ್ಮಾ? ಯಾವತ್ತೂ ಸೋತದ್ದೇ ಇಲ್ಲಂತೆ?" ಅಂದಳು.

ನನ್ನ ಮೈ ಉರಿಯಿತು. ನಾಲಿಗೆಗೆ ಎಲುಬಿಲ್ಲ ನೋಡಿ. "ಅವನಾ? ಅವನಿಗೆ ಗೊತ್ತಿರೂದು ಕೋಟಿಗೆ ಇಸ್ತ್ರಿ ಹಾಕೂದೊಂದೇ! ಅವನ ಹೆಂಡತಿ ಹೈಸ್ಕೂಲಲ್ಲಿ ಕಲಿಸುವ ಅಕ್ಕೋರು. ಅವಳೇ ಕಾನೂನು ಪುಸ್ತಕ ಓದಿ, ಇವನನ್ನು ಕೂರಿಸಿ, ಮಕ್ಕಳಿಗೆ ಮಗ್ಗಿ ಹೇಳಿಸಿದ ಹಾಗೆ ಬಾಯಿಪಾಠ ಮಾಡಿಸಿ ಕಳಿಸೂದು. ಪಾಟಿ ಸವಾಲಿನ ಒಂದೊಂದು ಪ್ರಶ್ನೆಯೂ ಅವಳದ್ದು!"

ಇದೆಲ್ಲ ನಾನು ಅಲ್ಲೇ ಕೂತು ಹೊಸೆದದ್ದು. ಹೇಳಿದ ಮೇಲೆ ಹೊಟ್ಟೆ ತಣ್ಣಗಾಯಿತು.

ರಾಜಿ ಮಾಡಿಸಲು ಕೂತವರು ನಿವೃತ್ತ ನ್ಯಾಯಾಧೀಶರೊಬ್ಬರು. ನಾನು ಎದ್ದು ನಿಂತು, ಮನೆಯ ಜಗಲಿಯ ಮಾತು ಖಾಸಗಿ ಮಾತು ಅಂತ ಶುರುಮಾಡಿದೆ ಅಷ್ಟೆ. ಎದುರು ವಕೀಲನ ಮುಖ ಕೆಂಪಗಾಯಿತು.

"ನೀನು ಮಾತಾಡಬೇಡ!" ಅಂತ ಎದ್ದೇಬಿಟ್ಟ. "ನನ್ನ ಹೆಂಡತಿ ನನಗೆ ಬಾಯಿಪಾಠ ಮಾಡಿಸ್ತಾಳಾ? ನನಗೆ ಇಸ್ತ್ರಿ ಮಾತ್ರ ಗೊತ್ತಾ? ನಾಚಿಕೆ ಆಗೂದಿಲ್ವಾ ನಿನಗೆ?"

ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡರು. "ಇದನ್ನು ಅವರು ಯಾವಾಗ ಹೇಳಿದರು?"

"ಮೊನ್ನೆ ಸಾರ್! ಇವರ ಜಗಲಿಯಲ್ಲಿ ಕೂತು!"

"ನೀವು ಅಲ್ಲಿದ್ದಿರಾ?"

"ನಾನ್ಯಾಕೆ ಅಲ್ಲಿರ್ತೇನೆ ಸಾರ್? ನನ್ನ ಕಕ್ಷಿದಾರರು ಮೊಬೈಲಲ್ಲಿ ಕೇಳಿಸಿ..."

ಅಲ್ಲಿಗೆ ಮಾತು ನಿಂತಿತು. ಅವನ ಕಕ್ಷಿದಾರ ತಲೆ ತಗ್ಗಿಸಿದ. ನ್ಯಾಯಾಧೀಶರು ಬಹಳ ಮೆತ್ತಗೆ ಕೇಳಿದರು: "ಮುಂದಿನದು ಮನೆಯಲ್ಲಿ ಹೇಳಿಕೊಟ್ಟಿಲ್ವಾ?"

ಅದೇ ದಿನ ಬರೆದುಕೊಟ್ಟರು. ಮೈಕು ಬಂದ್, ಕ್ಯಾಮರಾದ ಮುಖ ಅವರ ತೆಂಗಿನಮರದ ಕಡೆಗೆ, ಹಳೆಯ ರೆಕಾರ್ಡೆಲ್ಲ ಅಲ್ಲೇ ಅಳಿಸಿ ತೋರಿಸಬೇಕು. ನಾನು ಗೆದ್ದೆ! ಬಸ್ಸಿನಲ್ಲಿ ಹೊನ್ನಾವರದವರೆಗೂ ಒಬ್ಬಳೇ ನಗುತ್ತ ಬಂದೆ.

ವಾರದೊಳಗೆ ನನ್ನ ಕಕ್ಷಿದಾರಳು ಕಟ್ಟಿದ ಮಲ್ಲಿಗೆ ಮಾಲೆಯ ದೊಡ್ಡ ಅಟ್ಟಿ ಹಿಡಿದುಕೊಂಡು ಕೋಣೆಗೆ ಬಂದಳು. ಹೆಂಗಸರೆಲ್ಲ ವಾಪಸ್ ಬಂದರಂತೆ, ಆಚೆ ಕೇರಿಯವಳ ಜಗಲಿ ಖಾಲಿಯಂತೆ. ನಾನು ಹೂವಿಗೆ ಕೈ ಚಾಚಿದೆ. ಅವಳು ಒಂದು ಮೊಳ ಹರಿದು ನನಗೆ ಕೊಟ್ಟು, ಉಳಿದದ್ದನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ಅಮ್ಮಾ, ನನ್ನ ತಮ್ಮಂದು ಒಂದು ಜಾಗದ ಕೇಸಿತ್ತು" ಅಂದಳು.

"ಕೂತ್ಕೊ, ಹೇಳು" ಅಂದೆ, ಪೆನ್ನು ತೆಗೆದುಕೊಂಡು.

"ಕೂರೂದಿಲ್ಲ. ಆ ಎದುರು ವಕೀಲರ ಹೆಂಡ್ತಿ, ಅಕ್ಕೋರು, ಅವ್ರ ಮನೆ ಎಲ್ಲಿ?"